ಎರಡು ಸ್ಯಾಕ್ಸೊಫೋನ್‌ಗಳ ಬಳಗ

ಮದುವೆ ಮೆರವಣಿಗೆಯ ಬ್ಯಾಂಡ್‌ನಲ್ಲಿ ಸಿನಿಮಾ ಹಾಡಿನ ಅಬ್ಬರ ಕೇಳಿ ಬೆಳೆದ ಕಾಳಗಿ ಕಡೆಯ ನಮ್ಮಂಥವರಿಗೆ, ಸ್ಯಾಕ್ಸೊಫೋನ್ ಗಮಕ ನುಡಿಯುತ್ತದೆ ಎಂದರೆ ನಂಬುವುದು ಕಷ್ಟ. ಅದರ ಕೀಲಿಗಳು ಸ್ವರಗಳನ್ನು ಬಿಡಿಬಿಡಿಯಾಗಿ ಕೊಡುತ್ತವೆ. ನಡುವೆ ಜಾರುವ ದಾರಿಯಿಲ್ಲ. ಕರ್ನಾಟಕ ಸಂಗೀತದ ಸ್ಯಾಕ್ಸೊಫೋನ್ ವಾದಕ ಕದ್ರಿ ಗೋಪಾಲನಾಥರು ಆ ದಾರಿಯನ್ನು ತುಟಿಯಲ್ಲಿ, ಉಸಿರಿನಲ್ಲಿ ಮಾಡಿಕೊಂಡರು. ರೀಡ್ ಮೇಲಿನ ತುಟಿಯ ಬಿಗಿ ಒಂಚೂರು ಸಡಿಲವಾದರೂ ಸ್ವರ ಬಾಗುತ್ತದೆ.

1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿ ಬಂದವರಿಗೆ ಇನ್ನೇನು ಬೇಕಿತ್ತು? ಆದರೂ ಅರವತ್ತರ ಹೊಸ್ತಿಲಲ್ಲಿ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಜೊತೆ ಕೂತರು. 2008ರ 'ಕಿನ್ಸ್‌ಮೆನ್' ಆಲ್ಬಮ್ ಅದರ ಫಲ. ಇಬ್ಬರದೂ ಆಲ್ಟೊ ಸ್ಯಾಕ್ಸೊಫೋನೇ. ಆದರೆ ಯಾರು ಯಾರೆಂದು ಕಿವಿಗೆ ತಿಳಿದುಬಿಡುತ್ತದೆ. ಮಹಾಂತಪ್ಪ ಸ್ವರವನ್ನು ಚೂಪಾಗಿ ಕಡಿದು ಎಸೆದರೆ, ಕದ್ರಿ ಅದನ್ನೇ ನಾಗಸ್ವರದ ಹಾಗೆ ಎಳೆದು ಅಲುಗಿಸುತ್ತಾರೆ (ತಂದೆ ನಾಗಸ್ವರ ವಾದಕರಲ್ಲವೇ!). ಎ. ಕನ್ಯಾಕುಮಾರಿ ಅವರ ಪಿಟೀಲು, ರೆಜ್ ಅಬ್ಬಾಸಿ ಅವರ ಗಿಟಾರ್, ಮೃದಂಗ, ಡ್ರಮ್ಸ್ ಎಲ್ಲ ಕೂಡಿದರೂ ಗದ್ದಲವಿಲ್ಲ. ಹಿರಿಯರು ಕಿರಿಯರಿಗೆ ಜಾಗ ಬಿಡುವ ಪರಿ ನನಗೆ ಎಲ್ಲಕ್ಕಿಂತ ಇಷ್ಟ.

ಕದ್ರಿ 2019ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರ ಕಛೇರಿಗಳನ್ನಷ್ಟೇ ಕೇಳಿದವರು ಈ ಆಲ್ಬಮನ್ನೂ ಒಮ್ಮೆ ಹುಡುಕಿ ಕೇಳಿ.