ಎಂಜಿಬಿಯ ಹೊಟ್ಟೆಯಡಿಯ ಸೊಗಸು

ಎಂಜಿಬಿ ರೋಡ್‌ಸ್ಟರನ್ನು ಎಲ್ಲರೂ ನಿಂತು ಮೆಚ್ಚುತ್ತಾರೆ. ಮಿರುಗುವ ಕ್ರೋಮ್ ಗ್ರಿಲ್, ದೀಪದಿಂದ ದೀಪದವರೆಗೆ ಎಲ್ಲೂ ತಡವರಿಸದೆ ಹರಿದ ಪಕ್ಕದ ಗೆರೆ, ಹಿಂದಕ್ಕೆ ಮಡಚಿಟ್ಟ ಬಟ್ಟೆಯ ಹುಡ್ಡು. ಚಂದವೇ, ಅಲ್ಲವೆನ್ನುವುದಿಲ್ಲ. ನನಗೆ ಮಾತ್ರ ಈ ಕಾರಿನ ನಿಜವಾದ ರುಚಿ ಹತ್ತಿದ್ದು ಅದರಡಿ ಅಂಗಾತ ಮಲಗಿ, ಗೇರ್‌ಬಾಕ್ಸ್ ಹೊತ್ತ ಕ್ರಾಸ್‌ಮೆಂಬರನ್ನು ಬಿಚ್ಚುವಾಗ.

ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆ 1962ರಿಂದ 1980ರವರೆಗೆ ತಯಾರಿಸಿದ ಕಾರಿದು. ಜಿಟಿ ಮಾದರಿಯೂ ಸೇರಿ 5 ಲಕ್ಷಕ್ಕೂ ಹೆಚ್ಚು ರಸ್ತೆಗಿಳಿದವು. ಇದಕ್ಕೆ ಮುಂಚಿನ ಎಂಜಿಎಗೆ ಪ್ರತ್ಯೇಕ ಚಾಸಿಸ್ ಇತ್ತು. ವಿನ್ಯಾಸಕ ಸಿಡ್ ಎನೆವರ್ ಮತ್ತವರ ತಂಡ ಎಂಜಿಬಿಯಲ್ಲಿ ಅದನ್ನು ಕೈಬಿಟ್ಟು, ಬಾಡಿಯೇ ಎಲ್ಲ ಭಾರ ಹೊರುವಂತೆ ಮಾಡಿತು. ಚಾವಣಿಯಿಲ್ಲದ ಕಾರಿನಲ್ಲಿ ಇದು ಸಣ್ಣ ಸಾಹಸವಲ್ಲ. ಮುಚ್ಚಳ ತೆಗೆದ ರಟ್ಟಿನ ಡಬ್ಬವನ್ನು ಎರಡು ಕೈಯಲ್ಲಿ ಹಿಡಿದು ತಿರುಚಿ ನೋಡಿ, ಎನೆವರ್ ಅವರ ಕಷ್ಟ ಅರ್ಥವಾಗುತ್ತದೆ. ಮೇಲೆ ಇಲ್ಲದ ಬಲವನ್ನು ಅವರು ಕೆಳಗೆ ಕೂಡಿಟ್ಟರು: ಬಾಗಿಲಿನಡಿಯ ತುಂಬುಮೈಯ ಸಿಲ್‌ಗಳಲ್ಲಿ, ನಡುವೆ ಉಬ್ಬಿ ಸಾಗುವ ಟನಲ್‌ನಲ್ಲಿ, ನೆಲಕ್ಕೆ ಬೆಸೆದ ಅಡ್ಡತೊಲೆಯಲ್ಲಿ. ಆ ಬೆಸೆದ ತೊಲೆ ಕದಲುವಂಥದಲ್ಲ. ಅದರ ಹತ್ತಿರವೇ ಬೋಲ್ಟುಗಳಿಂದ ನಿಂತ ಇನ್ನೊಂದು ಅಡ್ಡತುಂಡಿದೆ. ಗೇರ್‌ಬಾಕ್ಸ್ ರಬ್ಬರ್ ಮೌಂಟುಗಳ ಮೇಲೆ ಕೂತಿರುವುದು ಅದರಲ್ಲೇ. ನಮ್ಮ ನಾಯಕಿ ಅವಳು.

ಎಂಜಿಬಿಯ ಗೇರ್‌ಬಾಕ್ಸನ್ನು ಕೆಳಗಿನಿಂದ ಇಳಿಸಿಬಿಡಲು ದಾರಿಯಿಲ್ಲ. ಎಂಜಿನ್ನೂ ಅದೂ ಜೋಡಿಯಾಗಿ, ಮೂತಿ ಮೇಲಕ್ಕೆತ್ತಿಕೊಂಡು ಬಾನೆಟ್ಟಿನ ಬಾಯಿಂದಲೇ ಹೊರಬರಬೇಕು. ಅದಕ್ಕೆ ಮೊದಲು ಈ ಕ್ರಾಸ್‌ಮೆಂಬರ್ ಕಳಚಬೇಕು. ಸಿದ್ಧತೆ ಬೇಗ ಮುಗಿಯುತ್ತದೆ. ಸಮತಟ್ಟಾದ ನೆಲ, ಗಟ್ಟಿ ಸ್ಟ್ಯಾಂಡುಗಳು (ಬರೀ ಜಾಕಿನ ಮೇಲೆ ನಿಂತ ಕಾರಿನಡಿ ತಲೆಯಿಡುವುದು ಮೂರ್ಖತನ). ಒಳಗಿನಿಂದ ಗೇರ್ ಲಿವರ್ ತೆಗೆದಿರಬೇಕು. ಪ್ರೊಪೆಲರ್ ಶಾಫ್ಟೂ ಸ್ಪೀಡೋಮೀಟರ್ ಕೇಬಲ್ಲೂ ಬಿಡಿಸಿರಬೇಕು. ಗೇರ್‌ಬಾಕ್ಸಿನ ಅಡಿಗೆ ಮರದ ತುಂಡಿಟ್ಟು ಜಾಕ್ ಕೊಟ್ಟಿರಬೇಕು.

ಇನ್ನು ನಿಧಾನಿಸೋಣ.

ಮೊದಲು ಚಿಂದಿಬಟ್ಟೆ. ಹಳೆಯ ಬ್ರಿಟಿಷ್ ಕಾರುಗಳು ಎಣ್ಣೆ ಜಿನುಗಿಸುತ್ತವೆಂದು ನಗುವವರು ಇದನ್ನು ಒಮ್ಮೆ ನೋಡಬೇಕು. ವರ್ಷಗಟ್ಟಲೆ ಜಿನುಗಿದ ಎಣ್ಣೆ ಧೂಳಿನೊಡನೆ ಬೆರೆತು ಕಪ್ಪಗೆ, ದಪ್ಪಗೆ, ಮೆತ್ತಗೆ ಹೆಪ್ಪುಗಟ್ಟಿರುತ್ತದೆ. ಮರದ ಚಕ್ಕೆಯಿಂದ ಅದನ್ನು ಹೆರೆದು, ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿದರೆ ಅಡಿಯಲ್ಲಿ ತುಕ್ಕಿನ ಸುಳಿವಿಲ್ಲದ ನುಣುಪು ಉಕ್ಕು ಕಣ್ಣು ಬಿಡುತ್ತದೆ. ಸಿಲ್‌ಗಳನ್ನು ತಿಂದು ಹಾಕಿದ ಇಂಗ್ಲಿಷ್ ಮಳೆ, ಚಳಿಗಾಲದ ರಸ್ತೆಗೆ ಸುರಿದ ಉಪ್ಪು, ಎರಡೂ ಇಲ್ಲಿ ಸೋತಿವೆ.

ಆಮೇಲೆ ಸ್ಪ್ಯಾನರ್. ಇಲ್ಲಿ ಮಿಲಿಮೀಟರಿನ ಲೆಕ್ಕ ನಡೆಯದು, ಅಂಗುಲದ್ದೇ ದರ್ಬಾರು. 3/8 ಅಂಗುಲದ ಬೋಲ್ಟಿನ ತಲೆಗೆ 9/16ರ ಸ್ಪ್ಯಾನರ್ ಬೇಕು. 14 ಮಿ.ಮೀ. ಒಳಗೆ ಹೋಗುವುದಿಲ್ಲ, 15 ಸಡಿಲವಾಗಿ ಮೂಲೆ ಸವೆಸುತ್ತದೆ. ಸರಿಯಾದದ್ದು ಮಾತ್ರ ಮೆಲ್ಲಗೆ ಜಾರಿ ಕೂತು, ಅಲ್ಲಾಡದೆ ಹಿಡಿಯುತ್ತದೆ. ಆ ಕೂರುವಿಕೆಯ ಸುಖವನ್ನು ಬೆರಳುಗಳೇ ಹೇಳಬೇಕು. ಒಂದೇ ಬೋಲ್ಟನ್ನು ಪೂರ್ತಿ ಕಳಚುವ ಆತುರ ಬೇಡ. ಎರಡೂ ಬದಿಯವನ್ನು ಕಾಲು ಸುತ್ತಿನಷ್ಟು ಸಡಿಲಿಸುತ್ತ ಬರಬೇಕು. ಬಿಗಿದ ಬೋಲ್ಟು ಮೊದಲು ಮೌನವಾಗಿ ತಡೆಯುತ್ತದೆ. ಆಮೇಲೆ ಒಂದು ಒಣ, ಚಿಕ್ಕ, ಖಚಿತವಾದ ‘ಟಕ್’. ಅಲ್ಲಿಂದಾಚೆಗೆ ಅದು ಬೆರಳಿನದೇ ಕೆಲಸ. 3/8ರ ಯುಎನ್‌ಎಫ್ ಬೋಲ್ಟಿನಲ್ಲಿ ಅಂಗುಲಕ್ಕೆ 24 ಸುತ್ತು ಥ್ರೆಡ್ಡು. ಅಷ್ಟು ನಯವಾದದ್ದು ಹೊರಬರುವಾಗ ಅವಸರ ಮಾಡುವುದಿಲ್ಲ, ನಾವೂ ಮಾಡಬಾರದು.

ಈಗ ಜಾಕಿನ ಹಿಡಿ ನಿಮ್ಮ ಕೈಯಲ್ಲಿ. ಕೂದಲೆಳೆಯಷ್ಟು ಇಳಿಸಿ, ನಿಲ್ಲಿ, ನೋಡಿ. ಗೇರ್‌ಬಾಕ್ಸಿನ ಬಾಲ ಇಳಿದಂತೆ ಎಂಜಿನ್ನು ಮುಂದಿನ ಮೌಂಟುಗಳ ಮೇಲೆ ಹಿಂದಕ್ಕೆ ವಾಲುತ್ತದೆ. ಮುಂದೆ ಹೋಸ್‌ಪೈಪುಗಳು ಎಳೆದುಕೊಂಡಾವು, ಅತ್ತ ಒಂದು ಕಣ್ಣಿರಲಿ. ಇನ್ನಷ್ಟು ಇಳಿಸಿ. ಇನ್ನೊಂದಿಷ್ಟು. ಆ ಬೆಸೆದ ಅಡ್ಡತೊಲೆಯ ಮೇಲೆ, ಯಾವ ಸದ್ದೂ ಇಲ್ಲದೆ, ಗೇರ್‌ಬಾಕ್ಸ್ ತನ್ನ ಭಾರವನ್ನು ಒರಗಿಸುತ್ತದೆ. ರಿಪೇರಿಯವನು ಬಂದಾಗ ಬೇಕಾದೀತೆಂದು ಅಲ್ಲೇ ತಾವು ಕಾದಿರಿಸಿದಂತಿದೆ. ಮೌಂಟುಗಳಿಂದ ಬಿಡಿಸಿಕೊಂಡ ಕ್ರಾಸ್‌ಮೆಂಬರ್ ಓರೆಯಾಗಿ, ಸಣ್ಣ ಕೊಸರಾಟದೊಡನೆ ಎದೆಯ ಮೇಲಕ್ಕೆ ಬರುತ್ತದೆ.

ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಒತ್ತಿ ಆಕಾರ ಕೊಟ್ಟ ಸಾದಾ ಉಕ್ಕಿನ ತುಂಡು. ಅಂಚುಗಳು ಮಡಚಿವೆ, ಏಕೆಂದರೆ ಮಡಚಿದ ತಗಡು ಬಾಗದು. ಬಣ್ಣವಿದ್ದರೂ ತೋರಿಕೆಗಲ್ಲ, ರಕ್ಷಣೆಗೆ. ಅಲಂಕಾರದ ಒಂದು ಗೀರೂ ಇಲ್ಲ. ಹಳೆಯ ರಬ್ಬರನ್ನು ಒತ್ತಿದರೆ ಬಿರುಕುಗಳು ಬಾಯಿ ತೆರೆಯುತ್ತವೆ. ಹೊಸದನ್ನು ಒತ್ತಿದರೆ ಬೆರಳನ್ನು ಹಿಂದಕ್ಕೆ ತಳ್ಳುತ್ತದೆ. ಮರಳಿ ಕೂರಿಸುವಾಗ ಎಲ್ಲ ಬೋಲ್ಟುಗಳನ್ನೂ ಕೈಯಲ್ಲೇ ಹಿಡಿಸಿ, ತೂತುಗಳೆಲ್ಲ ನೇರವಾದ ಮೇಲಷ್ಟೇ ಬಿಗಿಯಿರಿ. ಇಲ್ಲಿ ತೂತು ತೂತಿಗೆ ಕೂಡಲು ಸತಾಯಿಸುವುದುಂಟು. ಆ ಸತಾಯಿಸುವಿಕೆಯೂ ರುಚಿಯ ಭಾಗವೇ.

ಕ್ರೋಮು ಮಂಕಾದರೆ ಹೊಸ ಪೂಸು ಕೊಡಿಸಬಹುದು, ಹುಡ್ಡು ಹರಿದರೆ ಬೇರೆ ಹೊಲಿಸಬಹುದು. ಹೊಟ್ಟೆಯಡಿಯ ಈ ವಿವೇಕವನ್ನು ಆಮೇಲೆ ಯಾರೂ ತುಂಬಲಾರರು. ಎಲ್ಲಾದರೂ ಎಂಜಿಬಿ ಕಂಡರೆ ಮಾಲೀಕರನ್ನು ಒಂದು ಮಾತು ಕೇಳಿ, ಬಟ್ಟೆ ಕೊಳೆಯಾದರೂ ಚಿಂತೆಯಿಲ್ಲ, ಒಮ್ಮೆ ಬಗ್ಗಿ ಅಡಿಯಲ್ಲಿ ನೋಡಿ.