ಸ್ಲೈಡ್ ಸ್ಕ್ಯಾನಿಂಗ್: ಸುಟ್ಟ ಬಿಳುಪಿಗೆ ಯಾರು ಹೊಣೆ?

1980ರ ಫೆಬ್ರುವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲಾ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋಯಿತು. ಗ್ರಹಣವನ್ನು ವರ್ಣ ಸ್ಲೈಡಿನಲ್ಲಿ ಸೆರೆಹಿಡಿಯುವುದು ಆಗ ರೂಢಿಯಲ್ಲಿತ್ತು. ಅಂಥ ಸ್ಲೈಡುಗಳನ್ನು ಸ್ಕ್ಯಾನ್ ಮಾಡಿದಾಗ ಚಂದ್ರಬಿಂಬದ ಸುತ್ತಲಿನ ಕರೋನ ಎಷ್ಟೋ ವೇಳೆ ವಿವರಗಳಿಲ್ಲದ ಬಿಳಿ ಉಂಗುರವಾಗಿಬಿಡುತ್ತದೆ. ತಕ್ಷಣ 'ಫಿಲ್ಮೇ ಸುಟ್ಟಿದೆ' ಎಂದು ತೀರ್ಮಾನಿಸುವುದುಂಟು. ಆದರೆ ತಪ್ಪು ಸ್ಕ್ಯಾನರ್ ತಂತ್ರಾಂಶದ 'ಆಟೊ' ಗುಂಡಿಯದೂ ಆಗಿರಬಹುದು.

ಸ್ಲೈಡಿನಲ್ಲಿ ಹೆಚ್ಚು ಬೆಳಕು ಬಿದ್ದ ಕಡೆ ಬಣ್ಣದ ಅಂಶ ಕಡಿಮೆ. ಬೆಳಕು ಮಿತಿಮೀರಿದ ಕಡೆ ಬಣ್ಣವೇ ಉಳಿಯದೆ ಫಿಲ್ಮ್ ಪಾರದರ್ಶಕವಾಗುತ್ತದೆ. ಇದು ಫಿಲ್ಮಿನ ನಷ್ಟ, ಇದಕ್ಕೆ ಮದ್ದಿಲ್ಲ. ಇನ್ನೊಂದು ಬಗೆಯ ನಷ್ಟದಲ್ಲಿ ಫಿಲ್ಮಿನ ಮೇಲೆ ತೆಳುವಾದ ವಿವರ ಇರುತ್ತದೆ, ಸ್ಕ್ಯಾನರ್ ಅದನ್ನು 255ರ ಗಡಿಯಾಚೆ ತಳ್ಳಿರುತ್ತದೆ. ಇವೆರಡನ್ನು ಬೇರ್ಪಡಿಸುವ ಪರೀಕ್ಷೆ ಸುಲಭ. ಸ್ವಯಂಚಾಲಿತ ಹೊಂದಾಣಿಕೆಗಳನ್ನೆಲ್ಲ ನಿಲ್ಲಿಸಿ, ಎಕ್ಸ್‌ಪೋಷರನ್ನು ಅರ್ಧಕ್ಕಿಳಿಸಿ ಮತ್ತೆ ಸ್ಕ್ಯಾನ್ ಮಾಡಿ. ಬಿಳಿ ಭಾಗ ಸಪಾಟಾದ ಬೂದು ಬಣ್ಣವಾದರೆ ಸುಟ್ಟಿರುವುದು ಫಿಲ್ಮು. ಎಳೆಗಳು ಮೂಡಿದರೆ ತಪ್ಪು ಸ್ಕ್ಯಾನಿಂಗಿನದು.

ಆಟೊ ಎಡವುವುದೇಕೆ? ಚಿತ್ರದ ಅತ್ಯಂತ ಪ್ರಕಾಶಮಾನವಾದ ಶೇ. 1ರಷ್ಟು ಪಿಕ್ಸೆಲ್‌ಗಳನ್ನು ಶುದ್ಧ ಬಿಳಿ ಎಂದು ಎಣಿಸುವ ಒಂದು ಹೊಂದಾಣಿಕೆಯನ್ನು ತೆಗೆದುಕೊಳ್ಳೋಣ. 500 ಮಿ.ಮೀ. ಮಸೂರದಲ್ಲಿ ಸೂರ್ಯಬಿಂಬದ ವ್ಯಾಸ ಸುಮಾರು 4.6 ಮಿ.ಮೀ. ಅದರ ಸುತ್ತ ಅರ್ಧ ಮಿ.ಮೀ. ಅಗಲದ ಉಂಗುರದ ವಿಸ್ತೀರ್ಣ ಸುಮಾರು 8 ಚದರ ಮಿ.ಮೀ. 36x24 ಮಿ.ಮೀ. ಚೌಕಟ್ಟಿನ 864 ಚದರ ಮಿ.ಮೀ.ಗಳಲ್ಲಿ ಇದು ಶೇ. 0.93 ಮಾತ್ರ. ಎಂದರೆ 'ನಗಣ್ಯ' ಎಂದು ತಂತ್ರಾಂಶ ಕೈಬಿಡುವ ಆ ಶೇ. 1ರಲ್ಲಿ ಒಳ ಕರೋನ ಪೂರ್ತಿ ಸೇರಿಹೋಗಬಹುದು! ಮದುವೆ ಮನೆಯ ಚಿತ್ರದಲ್ಲಿ ಈ ಲೆಕ್ಕ ಬಾಧಿಸದು. ಗ್ರಹಣ, ಹಿಮಶಿಖರ, ಬೆಳ್ಳಕ್ಕಿಯ ಗರಿಗಳಲ್ಲಿ ಮುಖ್ಯ ವಿಷಯವನ್ನೇ ಅಳಿಸುತ್ತದೆ.

ಜನಪ್ರಿಯವಾಗಿರುವ ಎರಡು ಪರಿಹಾರಗಳನ್ನೂ ಪ್ರಶ್ನಿಸಬೇಕು. ಒಂದು, ಬಹು ಎಕ್ಸ್‌ಪೋಷರ್ ಸ್ಕ್ಯಾನಿಂಗ್. ಇದರಲ್ಲಿ ಎರಡನೆಯ ದೀರ್ಘ ಎಕ್ಸ್‌ಪೋಷರ್ ದಟ್ಟ ನೆರಳಿನ ಗದ್ದಲವನ್ನು ತಗ್ಗಿಸುತ್ತದೆ, ನಿಜ. ಆದರೆ ಮೊದಲ ಎಕ್ಸ್‌ಪೋಷರಿನಲ್ಲೇ ಬಿಳುಪು ಸುಟ್ಟಿದ್ದರೆ ಅದರಿಂದ ಪ್ರಯೋಜನವಿಲ್ಲ. ಇನ್ನೊಂದು, ಆಮೇಲೆ ಸಂಪಾದನಾ ತಂತ್ರಾಂಶದಲ್ಲಿ ಬಿಳುಪನ್ನು 'ಮರಳಿ ತರುವುದು'. ಕೆಂಪು, ಹಸಿರು, ನೀಲಿ ಮೂರೂ 255 ಮುಟ್ಟಿದ್ದರೆ ಅಲ್ಲಿ ಸಿಗುವುದು ಬೂದು ಬಣ್ಣದ ಲೇಪನವಷ್ಟೆ. ಒಂದೇ ವರ್ಣ ಗಡಿ ಮುಟ್ಟಿದ್ದರೆ ಉಳಿದೆರಡರಿಂದ ಊಹಿಸಬಹುದು. ಆದರೆ ವಿಜ್ಞಾನದ ದಾಖಲೆಯಲ್ಲಿ ಊಹೆ ಸಾಕ್ಷ್ಯವಾಗದು.

ಸರಿಯಾದ ದಾರಿ ಸ್ಕ್ಯಾನಿಂಗಿನಲ್ಲೇ ಇದೆ. ಸ್ಲೈಡ್ ಫಿಲ್ಮಿನ ಆರಂಭದಲ್ಲಿ ಪೂರ್ಣ ಬೆಳಕು ತಿಂದ ತುದಿಯ ತುಣುಕು ಸಂಸ್ಕರಣೆಯ ನಂತರ ಪಾರದರ್ಶಕವಾಗಿರುತ್ತದೆ. ಆ ಫಿಲ್ಮಿನಲ್ಲಿ ಅದಕ್ಕಿಂತ ಹೆಚ್ಚು ಬೆಳಕು ಹಾಯಿಸುವ ಜಾಗ ಇರಲಾರದು. ಅದನ್ನು ಸ್ಕ್ಯಾನರಿನಲ್ಲಿಟ್ಟು, ಮೂರೂ ವರ್ಣಗಳು 255ಕ್ಕಿಂತ ತುಸು ಕೆಳಗೆ ನಿಲ್ಲುವಂತೆ ಎಕ್ಸ್‌ಪೋಷರ್ ನಿಗದಿಪಡಿಸಿ ಬೀಗ ಹಾಕಬೇಕು. ತುಣುಕು ಸಿಗದಿದ್ದರೆ ಚಿತ್ರದ ಅತಿ ಬೆಳಗಿನ ಬಿಂದುವನ್ನೇ ಆಧಾರವಾಗಿಟ್ಟುಕೊಳ್ಳಬಹುದು. ವರ್ಣಗಳನ್ನು ಬೇರೆಬೇರೆಯಾಗಿ ನೋಡುವುದು ಅಗತ್ಯ. ಸೂರ್ಯನ ಅಂಚಿನ ಕೆಂಪು ಜ್ವಾಲೆಗಳಲ್ಲಿ ಮೊದಲು ಗಡಿ ದಾಟುವುದು ಕೆಂಪೇ. ಕಡತವನ್ನು 16 ಬಿಟ್‌ನಲ್ಲಿ, ಯಾವ ತಿದ್ದುಪಡಿಯೂ ಇಲ್ಲದೆ ಉಳಿಸಿ, ಹೊಳಪಿನ ಹೊಂದಾಣಿಕೆಯನ್ನು ಅದರ ಪ್ರತಿಯಲ್ಲಿ ಮಾಡಬೇಕು. ಮೊದಲ ನೋಟಕ್ಕೆ ಇಂಥ ಸ್ಕ್ಯಾನ್ ಮಂಕಾಗಿ ಕಾಣುತ್ತದೆ. ಅದು ದೋಷವಲ್ಲ.

ಸ್ಲೈಡಿನ ಬಣ್ಣಗಳು ಕಾಲಕ್ರಮದಲ್ಲಿ ಮಾಸುತ್ತವೆ. ಸ್ಕ್ಯಾನ್ ಆದ ಮೇಲೆ ಪೆಟ್ಟಿಗೆಗಳು ಮೂಲೆಗೆ, ಕೆಲವೊಮ್ಮೆ ಕಸಕ್ಕೂ ಸೇರುತ್ತವೆ. ಆಗ ಕಡತವೇ ಮೂಲದಾಖಲೆ. ಆದ್ದರಿಂದ ಸಂಗ್ರಹಗಳನ್ನು ಡಿಜಿಟಲೀಕರಿಸುವವರು ಎಷ್ಟು ಸಾವಿರ ಸ್ಲೈಡ್ ಮುಗಿಯಿತು ಎಂಬುದರ ಜತೆಗೆ, ಎಷ್ಟರಲ್ಲಿ ಬಿಳುಪು ಉಳಿಯಿತು ಎಂಬುದನ್ನೂ ಲೆಕ್ಕವಿಡಬೇಕು. ಆ ಪರೀಕ್ಷೆ ಮುಗಿಯುವವರೆಗೆ ಒಂದು ಸ್ಲೈಡನ್ನೂ ಎಸೆಯಬಾರದು.