ಮಳಖೇಡಕ್ಕೆ ಅರ್ಧ ಗಂಟೆ ಸಾಕೇ?

ಶನಿವಾರ, ಭಾನುವಾರದ ಪ್ರವಾಸಕ್ಕೆ ನಮ್ಮ ಭಾಗದವರು ಹಾಕುವ ಪಟ್ಟಿಯಲ್ಲಿ ಬೀದರ್ ಕೋಟೆ ಇರುತ್ತದೆ, ಚಿಂಚೋಳಿಯ ಕಾಡು ಇರುತ್ತದೆ. ಸೇಡಂ ತಾಲ್ಲೂಕಿನ ಮಳಖೇಡ ಇದ್ದರೂ ದಾರಿಯಲ್ಲಿ ಅರ್ಧ ಗಂಟೆ ಮಾತ್ರ. ಪ್ರವಾಸಿ ಕೈಪಿಡಿಗಳೂ ಇದನ್ನೇ ಕಲಿಸುತ್ತವೆ: ರಾಷ್ಟ್ರಕೂಟರ ರಾಜಧಾನಿ, ಕಾಗಿಣಾ ದಂಡೆ, ಒಂದು ಕೋಟೆ, ಮುಂದಿನ ಊರು.

ನಮ್ಮ ತಕರಾರು ಇರುವುದು ಇಲ್ಲಿಯೇ. 851ರ ಅರಬ್ಬೀ ವೃತ್ತಾಂತವೊಂದು, ವರ್ತಕ ಸುಲೈಮಾನನ ಹೆಸರಿನಲ್ಲಿರುವುದು, ಜಗತ್ತಿನ ನಾಲ್ವರು ದೊಡ್ಡ ದೊರೆಗಳನ್ನು ಎಣಿಸುತ್ತದೆ. ಬಗ್ದಾದಿನ ಖಲೀಫ, ಚೀನಾ ಮತ್ತು ರೂಮಿನ ಅರಸರು, ನಾಲ್ಕನೆಯವನು ‘ಬಲ್ಹರಾ’. ಅಂದರೆ ನಮ್ಮ ವಲ್ಲಭರಾಜ. ಹತ್ತನೇ ಶತಮಾನದ ಅಲ್ ಮಸೂದಿ ಅವನ ರಾಜಧಾನಿಯನ್ನು ‘ಮಾನ್ಕೀರ್’ ಎಂದ. ಉರ್ದು ಶಾಲೆಯಲ್ಲಿ ನಾವು ಖಲೀಫರನ್ನು ಓದಿದೆವು, ಕನ್ನಡ ತರಗತಿಯಲ್ಲಿ ನೃಪತುಂಗನನ್ನು. ಇವರು ಒಂದೇ ಕಾಲದವರೆಂದು, ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನದ ಸುದ್ದಿ ಅರಬ್ಬರ ಹಡಗುಗಳಲ್ಲಿ ಹೋಗುತ್ತಿತ್ತೆಂದು ಯಾವ ಮೇಷ್ಟ್ರೂ ಹೇಳಲಿಲ್ಲ.

ಹೋದವರಾದರೂ ಊರನ್ನು ಹಂಚಿಕೊಂಡು ನೋಡುತ್ತಾರೆ. ಜೈನರು ನೇಮಿನಾಥ ಬಸದಿಗೆ, ಮಾಧ್ವರು ಉತ್ತರಾದಿ ಮಠಕ್ಕೆ, ನಾವು ದರ್ಗಾಕ್ಕೆ. ಪಕ್ಕದ ಬಾಗಿಲಿಗೆ ಇಣುಕಿದವರು ಕಡಿಮೆ. ನಾವೂ ಬಹುಕಾಲ ಇಣುಕಿರಲಿಲ್ಲ.

ವಾಡಿಯಿಂದ ಸಿಕಂದರಾಬಾದಿನ ಹಳಿಯಲ್ಲಿ ಚಿತ್ತಾಪುರ ದಾಟಿದರೆ ಮಳಖೇಡ ರೋಡ್ ನಿಲ್ದಾಣ. ಮೊದಲ ದಿನ ಪೂರ್ತಿ ಇಲ್ಲಿಗೇ ಇಡಿ. 972ರಲ್ಲಿ ಮಾಳವದ ಸೀಯಕ ಲೂಟಿ ಮಾಡಿದ ನಗರದಲ್ಲಿ ಅರಮನೆ ಹುಡುಕಬೇಡಿ. ನಮ್ಮ ಅಂಗಳಕ್ಕೆ ಹಾಸುವ ಶಹಾಬಾದ್ ಕಲ್ಲೇ ಕೋಟೆಯ ಗೋಡೆಯಲ್ಲೂ ಇದೆ, ಅದನ್ನು ನೋಡಿ. ಎರಡನೇ ದಿನ ಸನ್ನತಿ. ಜೋಳದ ರೊಟ್ಟಿಯ ಬುತ್ತಿ ಕಟ್ಟಿಕೊಳ್ಳಿ, ಮಕ್ಕಳನ್ನು ಕರೆದುಕೊಳ್ಳಿ, ಮೂರೂ ಬಾಗಿಲಿಗೆ.